ಮೂರ್ಛೆಯ ಪಟ್ಟಿ

ಮಂಡ್ಯ
೨೦ ನವೆಂಬರ್ ೧೯೭೮

ಹೊನ್ನಯ್ಯ,

ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ಹರಿಯುವ ಮನಸ್ಸಾದರೆ ಕೊನೆಯತನಕ ಓದಿ ಆಮೇಲೆ ಹರಿ. ವಿಳಾಸ ಅದೇ ಇರಬೇಕು. ಬ್ಲಫಿನ ಪವರ್‌ಹೌಸು ಬಿಟ್ಟು ನೀನು ಎಲ್ಲಿಗೆ ಹೋಗುತ್ತೀಯ? ಮೈಸೂರಿನ ಹಾಸ್ಟೆಲಿನಲ್ಲಿ ಫ್ಯೂಸು ಹೋದಾಗಲೆಲ್ಲ ವಾರ್ಡನ್ನು ಕೂಗುತ್ತಿದ್ದದ್ದು ನಿನ್ನ ಹೆಸರನ್ನೇ. ಈಗ ನನಗೂ ಅದೇ ಹೆಸರು ನೆನಪಾಗಿದೆ.

ಮನೆಯಲ್ಲಿ ಒಂದು ಕಂಪ್ಯೂಟರ್ ಕಟ್ಟಿದ್ದೇನೆ. ನಗಬೇಡ. ಅದರ ಮೆದುಳು ಹೆಬ್ಬೆರಳುದ್ದದ ಒಂದು ಚಿಪ್ಪು. ಹೆಂಡತಿ ಗೋದಾಳ ಅಣ್ಣ ಕಸ್ತೂರಿರಂಗ ಸಿಂಗಪುರದಿಂದ ಬರುವಾಗ ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ತಂದುಕೊಟ್ಟ. ಮಿಕ್ಕದ್ದೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ. ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಪೆಟ್ಟಿಗೆ ನಮ್ಮಪ್ಪನ ಹಳೆಯ ಟ್ರಂಕು. ಎದುರಿಗೆ ಹದಿನಾರು ಸ್ವಿಚ್ಚು, ಹದಿನಾರು ಕೆಂಪು ದೀಪ. ಮುಂದಿನ ನೂರು ವರ್ಷದ ಏಕಾದಶಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ದೀಪದಲ್ಲಿ ತೋರಿಸುತ್ತದೆ. ಆಗಸ್ಟಿನಿಂದ ದೀಪಾವಳಿಯವರೆಗೆ ಚೆನ್ನಾಗಿಯೇ ನಡೆಯಿತು.

ಕಳೆದ ವಾರ ೧೪, ೧೫, ೧೬ನೇ ತಾರೀಕು ನಿಂತುನಿಂತು ಹೋಯಿತು. ಹೊಗೆಯಿಲ್ಲ, ವಾಸನೆಯಿಲ್ಲ. ಓಡುತ್ತಿದ್ದ ದೀಪಗಳು ಇದ್ದಲ್ಲೇ ನಿಂತುಬಿಡುತ್ತವೆ, ನೆನಪಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾನು ಇದನ್ನು ಮೂರ್ಛೆ ಎಂದು ಕರೆಯುತ್ತೇನೆ. ಎಬ್ಬಿಸಬೇಕಾದರೆ ಮೊದಲಿನಿಂದ ಸ್ವಿಚ್ಚು ಒತ್ತಿ ಪಾಠ ಹೇಳಬೇಕು, ನಲವತ್ತು ನಿಮಿಷ. ೧೭ಕ್ಕೆ ಏನೂ ಆಗದವರ ಹಾಗೆ ಮತ್ತೆ ನಡೆಯಿತು.

ನಮ್ಮ ಎದುರಿಗೆ ಹಿಟ್ಟಿನ ಮಿಲ್ಲಿದೆ. ಅದರ ಮೋಟಾರು ಶುರುವಾದಾಗಲೆಲ್ಲ ಲೈನಿನಲ್ಲಿ ಒದೆತ ಬರುತ್ತದೆಂದು ಗೊತ್ತಿದ್ದೇ, ಅದು ನೆಲಕ್ಕೆ ಇಳಿದುಹೋಗಲೆಂದು ಅರ್ತಿಂಗ್ ಚೆನ್ನಾಗಿ ಮಾಡಿದ್ದೇನೆ. ಹಿತ್ತಿಲಲ್ಲಿ ಎರಡಡಿಗೇ ಬಂಡೆ ಸಿಗುತ್ತದೆ, ಆಳಕ್ಕೆ ಇಳಿಯಲಾಗಲಿಲ್ಲ. ಅದಕ್ಕೆ ಸದಾ ಒದ್ದೆಯಿರುವ ಜಾಗ ನೋಡಿ ತುಳಸಿಕಟ್ಟೆಯ ಬುಡದಲ್ಲೇ ಪೈಪು ಹೂತೆ. ಗೋದಾ ದಿನಾ ಬೆಳಿಗ್ಗೆ ಎರಡು ತಂಬಿಗೆ ನೀರು ಹಾಕುತ್ತಾಳೆ, ಅದು ಬುಡಕ್ಕೆ ಇಳಿಯುತ್ತದೆ. ತೇವ ಹಿಡಿದಿಡಲು ಉಪ್ಪು ಇದ್ದಿಲು ಹಾಕೋಣವೆಂದರೆ ಅವಳು ಬಿಡಲಿಲ್ಲ, ಗಿಡ ಸಾಯುತ್ತದಂತೆ. ತುಳಸಿಯ ಬುಡದಲ್ಲಿ ಸಿಕ್ಕ ಗೋದಾದೇವಿಯ ಹೆಸರಿಟ್ಟುಕೊಂಡವಳ ಹತ್ತಿರ ವಾದ ಮಾಡುವುದುಂಟೇ?

ಏಪ್ರಿಲ್ ೨೧ಕ್ಕೆ ಬೆಂಗಳೂರಿನಿಂದ ಮೂವರು ಪರೀಕ್ಷಕರು ಮನೆಗೇ ಬಂದು ಯಂತ್ರ ನೋಡುತ್ತಾರೆ. ಒಂದು ಪೂರಾ ದಿನ ನಿಲ್ಲದೆ ನಡೆದರೆ ನಮ್ಮ ಕಾಲೇಜಿನಲ್ಲಿ ಅದಕ್ಕೊಂದು ಕೋಣೆ, ನನಗೆ ಅದರ ಕೆಲಸ. ನಡೆಯದಿದ್ದರೆ ಇನ್ನು ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ಹುಡುಗರು ಮುಟ್ಟಿಬಿಟ್ಟ ಮೀಟರುಗಳನ್ನು ಎಣಿಸಿ ಬೀರುವಿಗಿಟ್ಟು ಬೀಗ ಹಾಕುವುದೇ ನನ್ನ ಪಾಡು. ಒಂದು ಸಲ ಬಂದು ನೋಡುತ್ತೀಯಾ?

ಹಳೆಯ ರೂಮಿನವನು,
ತಿರುನಾರಾಯಣ


ಬ್ಲಫ್
೨ ಡಿಸೆಂಬರ್ ೧೯೭೮

ತಿರು,

ಹರಿಯಲಿಲ್ಲ. ಹೆಂಡತಿ ಚಲುವಿ ಕೈಯಲ್ಲಿ ಕೊಟ್ಟು ಎರಡು ದಿನ ಗೂಡಿನಲ್ಲಿಡಿಸಿದೆ, ಆಮೇಲೆ ಓದಿದೆ.

ಬರುವುದಿಲ್ಲ. ಕಾರಣ ನಿನಗೆ ಗೊತ್ತು, ಆದರೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಹುಳಿಯಾಗುವುದು ಬೇಡ. ಅರವತ್ತೇಳರಲ್ಲಿ ಊಟಕ್ಕೆ ಕರೆದವನು ನೀನು. ನಿಮ್ಮಮ್ಮ ನನಗೆ ಹೊರಗೆ ಜಗುಲಿಯಲ್ಲಿ ಎಲೆ ಹಾಕಿಸಿದರು. ಉಂಡು ಎದ್ದು ಕೈ ತೊಳೆಯುವುದರೊಳಗೆ ನಾನು ಕೂತ ಜಾಗಕ್ಕೆ ಸಗಣಿ ನೀರು ಬಿತ್ತು. ಅವರು ಹಳೆಯ ಕಾಲದವರು, ಅವರ ಮೇಲೆ ನನಗೆ ಕೋಪವಿಲ್ಲ. ನೀನು ಒಳಗೆ ನಿಂತು ಗೋಡೆ ನೋಡುತ್ತಿದ್ದೆಯಲ್ಲ, ಅದಕ್ಕೆ ಕೋಪ. ನನ್ನ ಎಲೆಯನ್ನು ಗೋದಮ್ಮ ಬಂದು ತಾನೇ ಎತ್ತಿದಳು, ಅತ್ತೆಯ ಎದುರಿಗೇ. ಈ ಕಾಗದಕ್ಕೆ ಉತ್ತರ ಬರೆಯುತ್ತಿರುವುದು ಆ ಎಲೆಯ ಋಣಕ್ಕೆ.

ಈಗ ಕೆಲಸದ ಮಾತು. ಊಹೆ ಮಾಡಬೇಡ. ಇಲ್ಲಿ ನಾವು ಗಂಟೆಗಂಟೆಗೂ ಮೀಟರು ನೋಡಿ ಬರೆಯುತ್ತೇವೆ. ಏನೂ ಆಗದಿದ್ದರೂ ಬರೆಯುತ್ತೇವೆ. ನೀನೂ ಒಂದು ಪಟ್ಟಿ ಮಾಡು: ಮೂರ್ಛೆ ಬಂದ ತಾರೀಕು, ಹೊತ್ತು. ಬೇರೆ ಏನೂ ಬೇಡ, ನಿನ್ನ ತತ್ತ್ವ ಬೇಡ. ತಿಂಗಳಿಗೊಮ್ಮೆ ನಕಲು ಕಳಿಸು.

ಅರ್ತು ಸರಿಯಿದೆಯೋ ಇಲ್ಲವೋ ನೋಡುವುದು ಸುಲಭ. ಒಂದು ಬಲ್ಬಿಗೆ ಒಂದು ತಂತಿ ಫೇಸಿನಿಂದ ಕೊಡು, ಇನ್ನೊಂದನ್ನು ಆ ಪೈಪಿಗೆ ಕಟ್ಟು. ಚೆನ್ನಾಗಿ ಉರಿದರೆ ಅರ್ತು ಸರಿ, ಮಂಕಾದರೆ ಮಣ್ಣು ಒಣಗಿದೆ ಎಂದು ಲೆಕ್ಕ. ಕೈ ಜೋಪಾನ, ರಬ್ಬರ್ ಚಪ್ಪಲಿ ಹಾಕಿಕೊ.

ಹೊನ್ನಯ್ಯ


ಮಂಡ್ಯ
೧೬ ಡಿಸೆಂಬರ್ ೧೯೭೮

ಹೊನ್ನಯ್ಯ,

ನಿನ್ನ ಬೈಗುಳ ತಲುಪಿತು. ಬಡಿಸಿದಷ್ಟು ಉಂಡಿದ್ದೇನೆ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಗೋಡೆ ನೋಡುತ್ತ ನಿಂತದ್ದು ನಾನೇ. ಅದನ್ನು ಹನ್ನೊಂದು ವರ್ಷದ ಹಿಂದೆಯೇ ಬರೆಯಬೇಕಾಗಿತ್ತು.

೮ಕ್ಕೆ ಬಲ್ಬಿನ ಪರೀಕ್ಷೆ ಮಾಡಿದೆ. ಹಿತ್ತಿಲೆಲ್ಲ ಬೆಳಗುವಂತೆ ಉರಿಯಿತು, ಗೋದಾ ತಂಬಿಗೆ ಹಿಡಿದು ನಿಂತು ನೋಡಿದಳು. ಅಲ್ಲಿಗೆ ಅರ್ತಿನ ಅನುಮಾನ ಮುಗಿಯಿತು.

ಆದರೆ ೧೧, ೧೨, ೧೩ ಮತ್ತೆ ಮೂರ್ಛೆ. ಮೂರು ದಿನಕ್ಕೆ ಹದಿನೇಳು ಸಲ. ಹೊತ್ತಿನ ಪಟ್ಟಿ ಇಟ್ಟಿದ್ದೇನೆ. ಆ ಮೂರು ದಿನವೂ ಅಡಿಗೆಮನೆ ನನ್ನದೇ ಆಗಿತ್ತು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಸಾಲ್ಡರಿಂಗ್ ಕಡ್ಡಿ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ, ಹಿತ್ತಿಲ ಕೋಣೆಯಲ್ಲಿ ಕೂತ ಗೋದಾ ಹಾಗೇ ಉಂಡಳು. ೧೪ಕ್ಕೆ ಯಂತ್ರ ಸರಿಹೋಯಿತು, ಸಾರೂ ಸರಿಹೋಯಿತು.

ಟ್ರಾನ್ಸ್‌ಫಾರ್ಮರ್ ಬಿಚ್ಚಿ ಇನ್ನೊಂದು ಸುತ್ತುತ್ತಿದ್ದೇನೆ. ನಿಮ್ಮ ಪವರ್‌ಹೌಸಿನಲ್ಲೇ ವೋಲ್ಟೇಜು ಬೀಳುತ್ತಿದೆಯೋ ಏನೋ, ಅದನ್ನೂ ನೋಡು. ಗೋದಾ ನಿನ್ನನ್ನೂ ಚಲುವಮ್ಮನನ್ನೂ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ತಿರು


ಬ್ಲಫ್
೧೮ ಜನವರಿ ೧೯೭೯

ತಿರು,

ಜನವರಿಯ ನಕಲು ಬಂತು. ೬ರಿಂದ ೯ರವರೆಗೆ ನಾಲ್ಕು ದಿನ. ನಮ್ಮ ಲಾಗ್‌ಪುಸ್ತಕದ ಪಕ್ಕ ಇಟ್ಟು ಹೋಲಿಸಿದೆ. ನಿನ್ನ ಯಂತ್ರ ಬಿದ್ದ ಹೊತ್ತಿನಲ್ಲಿ ನಮ್ಮಲ್ಲಿ ಒಂದು ವೋಲ್ಟೂ ಬಿದ್ದಿಲ್ಲ. ನಮ್ಮಲ್ಲಿ ಒಂದು ಯಂತ್ರ ಟ್ರಿಪ್ಪಾಗಿ ನಿಂತ ದಿನ, ಡಿಸೆಂಬರ್ ೨೭, ನಿನ್ನದು ಆರಾಮಾಗಿ ಕೂತಿದೆ. ತಪ್ಪು ನಮ್ಮ ಮೇಲೆ ಹಾಕಬೇಡ.

ಮೂರು ಸಲ ಟ್ರಾನ್ಸ್‌ಫಾರ್ಮರ್ ಸುತ್ತಿದವನಿಗೆ ಒಂದು ಮಾತು. ಒಳಗಿನ ದೋಷವಾದರೆ ಬಿಸಿಗೋ ಶೀತಕ್ಕೋ ಯಾವತ್ತಾದರೂ ಬರುತ್ತದೆ, ಹೀಗೆ ಕಂತೆಕಂತೆಯಾಗಿ ಬಂದು ನಡುವೆ ಇಪ್ಪತ್ತು ದಿನ ಸುಮ್ಮನಿರುವುದಿಲ್ಲ. ದೋಷ ಒಳಗಿಲ್ಲ. ಹೊರಗಿದೆ. ಹೊರಗೆ ನೋಡು. ಮಿಲ್ಲಿನವನು ಯಾವ ದಿನ ದೊಡ್ಡ ಮೋಟಾರು ಹಾಕುತ್ತಾನೆ, ಕಂಬದ ಮೇಲೆ ಯಾವ ತಂತಿ ಸಡಿಲ, ಇವನ್ನು ವಿಚಾರಿಸು. ಅರ್ತನ್ನು ಬಿಡು, ಬಲ್ಬು ಉರಿದ ಮೇಲೆ ಮುಗಿಯಿತು.

ಸಂಕ್ರಾಂತಿಗೆ ಪೂರಿಗಾಲಿಯ ಮಾವನ ಮನೆಗೆ ಹೋಗಿದ್ದೆವು. ಎಳ್ಳುಬೆಲ್ಲದ ಪೊಟ್ಟಣ ಕಳಿಸಿದ್ದೇನೆ. ಗೋದಮ್ಮನಿಗೆ ಚಲುವಿ ಕೊಟ್ಟಳೆಂದು ಹೇಳು.

ಹೊನ್ನಯ್ಯ


ಮಂಡ್ಯ
೧೨ ಫೆಬ್ರವರಿ ೧೯೭೯

ಹೊನ್ನಯ್ಯ,

ಪಟ್ಟಿ ಬೆಳೆದಿದೆ. ಜನವರಿ ೩೦ರಿಂದ ಫೆಬ್ರವರಿ ೫ರವರೆಗೆ ಏಳು ದಿನ. ಮಿಲ್ಲಿನ ಕೆಂಪಸಿದ್ದಯ್ಯನನ್ನು ವಿಚಾರಿಸಿದೆ. ಅವನು ದಿನಾ ಬೆಳಿಗ್ಗೆ ಎಂಟಕ್ಕೆ ಮೋಟಾರು ಹಾಕುತ್ತಾನೆ, ಭಾನುವಾರವೂ ಬಿಡುವುದಿಲ್ಲ. "ನನ್ ಮಿಲ್ಲು ದಿನಾ ಅಂಗೇ ಓಡ್ತದೆ ಸ್ವಾಮಿ, ನಿಮ್ ಪೆಟ್ಗೆಗೇ ಏನೋ ಗಾಳಿ ಸೋಕ್ಯದೆ" ಎಂದು ಹೇಳಿ ತಾಯಿತ ಕಟ್ಟುವವನೊಬ್ಬನ ವಿಳಾಸ ಕೊಟ್ಟ.

ನಿನ್ನ ಹಿಂದಿನ ಕಾಗದವನ್ನು ಟಪಾಲಿನವನು ಗೋದಾಳ ಕೈಗೆ ಕೊಟ್ಟಿದ್ದ. ಓದಿ ನನಗೆ ಕೊಡುವಾಗ "ಹೊರಗೆ ನೋಡು ಅಂತ ಬರೆದಿದ್ದಾರಲ್ಲ, ಇದು ಯಂತ್ರದ ವಿಷಯವೇ?" ಎಂದು ಕೇಳಿದಳು. ಮತ್ತೇನು, ನಿನ್ನ ವಿಷಯವೇ ಎಂದು ನಕ್ಕೆ. ಅವಳೂ ನಕ್ಕಳು.

ಈ ತಿಂಗಳು ಅವಳಿಗೆ ಮೈ ಅಷ್ಟು ಸರಿಯಿಲ್ಲ. ಸೊರಗಿದ್ದಾಳೆ. ಬಾವಿಯಿಂದ ಎರಡು ಕೊಡ ಸೇದುವುದರಲ್ಲಿ ಕೂತುಬಿಡುತ್ತಾಳೆ. ವಯಸ್ಸು ನಲವತ್ತೊಂದಾಯಿತಲ್ಲ, ಎಲ್ಲರಿಗೂ ಆಗುವುದೇ ಎಂದಳು. ಪೆರುಮಾಳ್ ಪೂಜೆಗೆ ಹೂ ಕಟ್ಟುವುದೂ ಬಿಟ್ಟಿದ್ದಾಳೆ, ಬಿಡಿ ಹೂವನ್ನೇ ಏರಿಸುತ್ತಿದ್ದೇನೆ. ಏಪ್ರಿಲ್ ಕಳೆದ ಮೇಲೆ ಡಾಕ್ಟರಿಗೆ ತೋರಿಸೋಣ ಎಂದಿದ್ದೇನೆ. ಅವಳೇ ಹೇಳಿದ್ದು, ಮೊದಲು ನಿಮ್ಮ ಕೆಲಸ ಮುಗಿಯಲಿ ಎಂದು.

ಈ ವರ್ಷ ಬಿಸಿಲು ಬೇಗ ಬಂದಿದೆ. ತುಳಸಿಯೂ ಬಾಡಿದೆ.

ಹೊನ್ನಯ್ಯ, ಒಂದು ಸಲ ಬಾ. ಜಗುಲಿಯನ್ನು ಒಡೆಸಿಬಿಡಲೇ ಹೇಳು.

ತಿರು


ಮಂಡ್ಯ
೨೪ ಮಾರ್ಚ್ ೧೯೭೯

ಹೊನ್ನಯ್ಯ,

ನಿನ್ನಿಂದ ಕಾಗದವಿಲ್ಲ. ಮುನಿಸೋ, ಪುರುಸೊತ್ತಿಲ್ಲವೋ ತಿಳಿಯದು.

ಪೂರ್ತಿ ಪಟ್ಟಿ ಇಟ್ಟಿದ್ದೇನೆ. ಫೆಬ್ರವರಿ ೧೮ರಿಂದ ೨೮. ಆಮೇಲೆ ನಾಲ್ಕು ದಿನ ಬಿಡುವು. ಮಾರ್ಚ್ ೫ರಿಂದ ಇವತ್ತಿನತನಕ ಒಂದು ದಿನವೂ ಬಿಡುವಿಲ್ಲ. ಬೆಳಿಗ್ಗೆ ಮಿಲ್ಲು ಶುರುವಾಯಿತೋ, ಇದು ಬಿತ್ತು. ಚಿಪ್ಪುಗಳನ್ನೆಲ್ಲ ಕಿತ್ತು ಅವುಗಳ ತಂತಿಕಾಲು ಉಜ್ಜಿ ಮತ್ತೆ ಹಾಕಿದೆ. ಮರದ ಹಲಗೆಯ ಮೇಲಿಟ್ಟೆ. ಕಾಲೇಜಿಗೆ ರಜೆ ಹಾಕಿ ಅದರ ಎದುರೇ ಕೂತಿದ್ದೇನೆ. ಇನ್ನು ಇಪ್ಪತ್ತೆಂಟು ದಿನ. ಪ್ರಿನ್ಸಿಪಾಲರು ಎಲ್ಲರ ಎದುರಿಗೆ "ಏನ್ರೀ, ನಿಮ್ಮ ರೋಗಿ ಹೇಗಿದ್ದಾರೆ?" ಎಂದು ಕೇಳುತ್ತಾರೆ.

ಮೊನ್ನೆ ಗೋದಾ ಬಾವಿಕಟ್ಟೆಯ ಹತ್ತಿರ ಬಿದ್ದುಬಿಟ್ಟಳು. ಕಣ್ಣು ಕತ್ತಲೆ ಬಂತಂತೆ. ಬಿಸಿಲಿಗೆ ಎಂದಳು. ಕಾಫಿ ಕೊಟ್ಟ ಮೇಲೆ ಎದ್ದಳು, ಅಡಿಗೆಯನ್ನೂ ಮಾಡಿದಳು. ಮನೆಯಲ್ಲಿ ಈಗ ಇಬ್ಬರಿಗೆ ಮೂರ್ಛೆ, ಒಬ್ಬ ವೈದ್ಯ, ಅವನಿಗೂ ತಲೆ ನಿಂತಿಲ್ಲ.

ಏನಾದರೂ ಹೇಳು. ಬೈದಾದರೂ ಬರೆ.

ತಿರು


ಬ್ಲಫ್
೨೯ ಮಾರ್ಚ್ ೧೯೭೯

ತಿರು,

ಈ ಕಾಗದ ತಂದವರು ನಮ್ಮ ಬಸ್ಸಿನ ಕಂಡಕ್ಟರ್ ಶಿವಣ್ಣ. ಟಪಾಲಿಗೆ ಹಾಕಿ ಕಾಯುವಷ್ಟು ವ್ಯವಧಾನವಿಲ್ಲ. ಅವರನ್ನು ಬಾಗಿಲಲ್ಲಿ ನಿಲ್ಲಿಸಿಯಾದರೂ ಈಗಲೇ ಓದು.

ನಿನ್ನೆ ಯುಗಾದಿ. ನನಗೆ ರಜೆ ಇತ್ತು. ಹೋದ ವರ್ಷದ ಕ್ಯಾಲೆಂಡರನ್ನೂ ಈ ವರ್ಷದ್ದನ್ನೂ ಅಡಿಗೆಮನೆ ಗೋಡೆಗೆ ಪಕ್ಕಪಕ್ಕ ಹೊಡೆದು ನಿನ್ನ ಪಟ್ಟಿಯ ತಾರೀಕುಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಮಿಲ್ಲು, ಸಂತೆ, ಅಮಾವಾಸ್ಯೆ ಯಾವುದಕ್ಕೂ ಹೊಂದಲಿಲ್ಲ. ಚಲುವಿ ಹೋಳಿಗೆ ತಟ್ಟುತ್ತಿದ್ದವಳು ಎದ್ದುಬಂದು ನೋಡಿದಳು.

"ಇದ್ಯಾರು ಒರಗಾದ್ ಲೆಕ್ಕ ಬರ್ದಿದ್ದೀರಿ?" ಎಂದಳು.

"ಲೇ, ಅದು ತಿರು ಮಿಷನ್ನು ನಿಂತುಹೋದ ದಿನ ಕಣಮ್ಮಿ" ಎಂದೆ.

"ಮಿಸೀನಿಂದಲ್ಲ ಕಣೇಳಿ, ಎಂಗ್ಸಿಂದು. ನೋಡಿ, ಮೂರ್ ದಿನ, ಆಮೇಕೆ ಇಪ್ಪತ್ತೇಳಕ್ಕೆ ಸರ್ಯಾಗಿ ಮೂರ್ ದಿನ. ಆಮೇಕೆ ನಾಕು, ಏಳು, ಅನ್ನೊಂದು. ಈ ತಿಂಗ್ಳು ನಿಂತೇ ಇಲ್ವಲ್ಲ. ಯಾವಳೋ ರಕ್ತ ಓಗಿ ಓಗಿ ಸಾಯ್ತಾವ್ಳೆ. ಆ ಮನೇಲಿ ಎಂಗ್ಸು ಯಾರವ್ರೆ?"

ನಾನು ನಗುವುದಕ್ಕೆ ಬಾಯಿ ತೆಗೆದೆ, ನಗು ಬರಲಿಲ್ಲ. "ಗೋದಮ್ಮ" ಎಂದೆ.

"ಅವ್ರು ಒರಗಾದಾಗ ಆ ಮಿಸೀನಿಗೆ ಏನ್ ತಪ್ಪೋಯ್ತದೆ, ಅದ ನೋಡಿ ಮೊದ್ಲು" ಎಂದಳು.

ಟ್ರಂಕಿನಿಂದ ನಿನ್ನ ಮೊದಲ ಕಾಗದ ತೆಗೆದೆ. ನೀನೇ ಬರೆದಿದ್ದೀಯ: ಪೈಪು ತುಳಸಿಯ ಬುಡದಲ್ಲಿದೆ, ಕೆಳಗೆ ಬಂಡೆ, ಉಪ್ಪಿಲ್ಲ, ಗೋದಾ ದಿನಾ ಎರಡು ತಂಬಿಗೆ ನೀರು ಹಾಕುತ್ತಾಳೆ. ಹೊರಗಾದ ದಿನ ನಿಮ್ಮ ಮನೆ ಹೆಂಗಸರು ತುಳಸಿ ಮುಟ್ಟುವುದಿಲ್ಲ. ನಮ್ಮಲ್ಲೂ ಮುಟ್ಟುವುದಿಲ್ಲ. ಮೊದಲ ದಿನ ಮಣ್ಣಿನಲ್ಲಿ ಹಿಂದಿನ ದಿನದ ತೇವ ಇರುತ್ತದೆ. ಎರಡನೆಯ ದಿನಕ್ಕೆ ಒಣಗುತ್ತದೆ, ಮಿಲ್ಲಿನ ಒದೆತ ಭೂಮಿಗೆ ಇಳಿಯದೆ ನಿನ್ನ ಯಂತ್ರಕ್ಕೆ ನುಗ್ಗುತ್ತದೆ. ಅವಳು ಸ್ನಾನ ಮಾಡಿ ಮತ್ತೆ ನೀರು ಹಾಕಿದ ದಿನ ಅದು ಸರಿಹೋಗುತ್ತದೆ. ದೀಪಾವಳಿಯವರೆಗೆ ಮಳೆಯೇ ಮಣ್ಣನ್ನು ಒದ್ದೆಯಾಗಿಟ್ಟಿತ್ತು. ನೀನು ಬಲ್ಬು ಕಟ್ಟಿದ್ದು ಅವಳು ನೀರು ಹಾಕುತ್ತಿದ್ದ ದಿನ. ಮೂರ್ಛೆ ಬಂದ ದಿನ ಕಟ್ಟು ಎಂದು ನಾನು ಹೇಳಬೇಕಾಗಿತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಹೇಳಲಿಲ್ಲ. ಅದು ನನ್ನ ತಪ್ಪು.

ನಿನ್ನ ತಪ್ಪು ಯಾವುದು ಎಂದು ನಾನು ಬರೆಯುವುದಿಲ್ಲ. ಅವಳು ಅಡಿಗೆಗೆ ಬಂದಳಲ್ಲ, ಸರಿಯಾಗಿದ್ದಾಳೆ ಎಂದುಕೊಂಡೆ ನೀನು. ನಿನ್ನ ಹೊಟ್ಟೆಗೆ ಬೇಕಲ್ಲ ಎಂದು, ರಕ್ತ ನಿಲ್ಲದಿದ್ದರೂ ತಲೆಗೆ ನೀರು ಹಾಕಿಕೊಂಡು ಬಂದು ಬೇಯಿಸಿದ್ದಾಳೆ. ನಿನಗೆ ಸುಳ್ಳು ಹೇಳಿದ್ದಾಳೆ. ತುಳಸಿಗೆ ಸುಳ್ಳು ಹೇಳಲು ಅವಳ ಕೈಯಲ್ಲಿ ಆಗಿಲ್ಲ. ಗಿಡ ಒಣಗಿದೆ, ಹೂ ಕಟ್ಟುತ್ತಿಲ್ಲ ಎಂದು ನೀನೇ ಬರೆದು ಕಳಿಸಿದ್ದೀಯ ಕಣೋ.

ಇವತ್ತು ಸಂಜೆ ನನ್ನ ಡ್ಯೂಟಿ ಮುಗಿಯುತ್ತದೆ. ನಾಳೆ ಮೊದಲ ಬಸ್ಸಿಗೆ ನಾವಿಬ್ಬರೂ ಮಳವಳ್ಳಿ, ಮದ್ದೂರು ಮೇಲೆ ಬರುತ್ತೇವೆ. ನೀನು ಅಷ್ಟರಲ್ಲಿ ಅವಳ ಹತ್ತಿರ ಹೋಗಿ ಕೂತು ಕೇಳು. ಯಂತ್ರ ಆರಿಸು. ಜಗುಲಿ ಒಡೆಸುವುದೇನೂ ಬೇಡ, ಹಾದುಕೊಂಡು ಒಳಗೆ ಬರುತ್ತೇನೆ.

ಹೊನ್ನಯ್ಯ


ಮೈಸೂರು, ಆಸ್ಪತ್ರೆ
೩ ಮೇ ೧೯೭೯

ಚಲುವಕ್ಕನಿಗೆ ಗೋದಾ ಮಾಡುವ ನಮಸ್ಕಾರ.

ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ, ದಪ್ಪ ಅಕ್ಷರವಾದರೆ ಓದುತ್ತೇನೆ ಎಂದಿರಲ್ಲ, ಅದಕ್ಕೆ ದಪ್ಪಗೆ ಬರೆಯುತ್ತಿದ್ದೇನೆ. ಇವರು ಔಷಧಿ ತರಲು ಹೋಗಿದ್ದಾರೆ. ಬರುವಷ್ಟರಲ್ಲಿ ಮುಗಿಸಬೇಕು.

ಮೊದಲು ಇಲ್ಲಿನ ಸಮಾಚಾರ. ಕರೆಂಟು ಕೊಡುವುದು ಮುಗಿಯಿತು. ಗಡ್ಡೆ ಸುಡುವ ಕಿರಣವನ್ನು ಇಲ್ಲಿ ಕರೆಂಟು ಎನ್ನುತ್ತಾರೆ, ಹೊನ್ನಯ್ಯಣ್ಣ ಕೊಡುವಂಥದ್ದಲ್ಲವಂತೆ. ಗರ್ಭಕೋಶ ಬಿಟ್ಟು ಆಚೆಗೂ ಹೋಗಿದೆ ಎಂದು ಡಾಕ್ಟರಮ್ಮ ನನಗೇ ಹೇಳಿದರು. ಇವರಿಗೆ ಇನ್ನೂ ಸ್ವಲ್ಪ ಕಡಿಮೆ ಮಾಡಿ ಹೇಳಿದ್ದಾರೆ. ಡಿಸೆಂಬರಿನಲ್ಲಿ ಬಂದಿದ್ದರೆ ಎಂದು ಏನೋ ಹೇಳಹೊರಟು ನಿಲ್ಲಿಸಿದರು. ನೋವಿದೆ ಅಕ್ಕ. ಭಯವೂ ಇದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು?

ಏಪ್ರಿಲ್ ೨೧ಕ್ಕೆ ಇವರು ಮಂಡ್ಯಕ್ಕೆ ಹೋಗಲೇ ಇಲ್ಲ. ಹೋಗಿ ಬನ್ನಿ, ಒಂದು ಕೊಡ ನೀರು ಹುಯ್ದು ತೋರಿಸಿ ಬನ್ನಿ ಎಂದು ಎಷ್ಟು ಹೇಳಿದೆ. ಮಂಚದ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದರು. ಬಂದವರು ಬೀಗ ನೋಡಿಕೊಂಡು ಹೋದರಂತೆ.

ಇನ್ನು ಹೇಳಬೇಕಾದ ಮಾತು. ನೀವು ಕ್ಯಾಲೆಂಡರ್ ನೋಡಿ ಕಂಡುಹಿಡಿದಿರಿ ಎಂದು ಇವರು ಎಲ್ಲರಿಗೂ ಹೇಳುತ್ತಾರೆ. ನನಗೆ ಜನವರಿಯಲ್ಲೇ ಗೊತ್ತಾಗಿತ್ತು ಅಕ್ಕ. ಸ್ನಾನ ಮಾಡಿ ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ, ಅದುವರೆಗೆ ಬೈಯುತ್ತಿದ್ದವರು ಒಳಗಿಂದ "ನಡೆಯಿತು!" ಎಂದು ಕೂಗಿದರು. ಡಿಸೆಂಬರಿನಲ್ಲೂ ಹಾಗೇ ಕೂಗಿದ್ದರು. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನನಗೇನು ಕಾಣುವುದಿಲ್ಲವೇ? ದಿನಾ ಗುಡಿಸುವವಳು ನಾನು.

ಹೇಳಿದ್ದರೆ ಇವರೇ ಒಂದು ತಂಬಿಗೆ ನೀರು ಹಾಕಿಕೊಳ್ಳುತ್ತಿದ್ದರು. ಯಂತ್ರ ನಡೆಯುತ್ತಿತ್ತು. ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾವು ಆ ವಿಷಯ ಬಾಯಿಬಿಟ್ಟು ಆಡಿದವರಲ್ಲ. ನಾನು ಹಿತ್ತಿಲ ಕೋಣೆಗೆ ಹೋಗುತ್ತೇನೆ, ಅವರು ಒಲೆ ಹಚ್ಚುತ್ತಾರೆ, ಅಷ್ಟೇ. ನಿಲ್ಲುತ್ತಿಲ್ಲ, ಹೆದರಿಕೆಯಾಗುತ್ತಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಆದರೆ ಪ್ರತಿ ಸಲ ಅದು ನಿಂತಾಗಲೂ ಎಷ್ಟು ಶ್ರದ್ಧೆಯಿಂದ ತಾರೀಕು ಹಾಕಿ ಬರೆಯುತ್ತಿದ್ದರು ಎನ್ನುತ್ತೀರಿ! ಬರೆಯುತ್ತಿದ್ದಾರಲ್ಲ, ಒಂದು ದಿನ ಓದುತ್ತಾರೆ ಎಂದುಕೊಂಡೆ. ಕಾಯುತ್ತಿದ್ದೆ. ಹೊನ್ನಯ್ಯಣ್ಣ ಹೊರಗೆ ನೋಡು ಎಂದು ಬರೆದ ಕಾಗದವನ್ನು ಎರಡು ಸಲ ಓದಿದೆ. ಸಿಕ್ಕಿಬಿದ್ದೆ, ಇನ್ನು ಕೇಳುತ್ತಾರೆ ಎಂದುಕೊಂಡೆ. ಅವರು ಮಿಲ್ಲಿಗೆ ಹೋದರು.

ಹೊನ್ನಯ್ಯಣ್ಣನಿಗೆ ಹೇಳಬೇಕೆನಿಸಿದರೆ ಹೇಳಿ. ಇವರಿಗೆ ಮಾತ್ರ ಯಾವತ್ತೂ ತಿಳಿಯಕೂಡದು. ಇವರು ಕೆಟ್ಟವರಲ್ಲ. ರಾತ್ರಿ ನನ್ನ ಕಾಲು ಒತ್ತುತ್ತಾರೆ.

ಅವತ್ತು ನೀವಿಬ್ಬರೂ ಬಂದಾಗ ಅಣ್ಣ ನಡುಮನೆಯಲ್ಲಿ ಕೂತರು. ನಾನು ಹಿತ್ತಿಲ ಕೋಣೆಯಲ್ಲಿದ್ದೆ. ಅವರು ಒಳಗೆ, ನಾನು ಹೊರಗೆ. ನೀವು ನನ್ನ ಕೈ ಹಿಡಿದುಕೊಂಡು "ಏಳಮ್ಮ, ಮುಟ್ಟಿದ್ರೆ ಏನಾಯ್ತದೆ, ಸ್ನಾನ ಮಾಡುದ್ರಾಯ್ತು" ಎಂದಿರಿ. ಅಲ್ಲಿಯವರೆಗಿನ ಐದು ತಿಂಗಳಲ್ಲಿ ನನ್ನನ್ನು ಮುಟ್ಟಿದವರು ನೀವೊಬ್ಬರೇ.

ನಿಮ್ಮ ತಂಗಿ,
ಗೋದಾ


ಮಂಡ್ಯ
೨ ಜುಲೈ ೧೯೭೯

ಹೊನ್ನಯ್ಯ,

ಹದಿಮೂರನೆಯ ದಿನದ ಕರ್ಮ ಮೊನ್ನೆ ಮುಗಿಯಿತು. ನೀನೂ ಚಲುವಮ್ಮನೂ ಉಂಡು ಹೊರಟ ಮೇಲೆ ನಿಮ್ಮಿಬ್ಬರ ಎಲೆ ನಾನೇ ಎತ್ತಿದೆ. ಪುರೋಹಿತರು ಏನೋ ಅಂದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೆರಡು ವರ್ಷ ತಡವಾಯಿತು.

ಮಳೆ ಹಿಡಿದಿದೆ. ಹಿತ್ತಿಲೆಲ್ಲ ಒದ್ದೆ. ನಿನ್ನೆ ಸುಮ್ಮನೆ ಯಂತ್ರಕ್ಕೆ ಕರೆಂಟು ಕೊಟ್ಟು ನಲವತ್ತು ನಿಮಿಷ ಪಾಠ ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಮಿಲ್ಲು ಶುರುವಾಯಿತು, ಬೀಳಲಿಲ್ಲ. ಇವತ್ತೂ ಬಿದ್ದಿಲ್ಲ. ಏಕಾದಶಿ ತೋರಿಸುತ್ತಾ ಕೂತಿದೆ, ಅವಳಿಲ್ಲದ ಎಲ್ಲ ಏಕಾದಶಿಗಳನ್ನೂ. ನೋಡಲಾಗದೆ ಆರಿಸಿಬಿಟ್ಟೆ. ಕಾಲೇಜಿನಲ್ಲಿ ಮತ್ತೆ ಮೀಟರು ಎಣಿಸಲು ಹೋಗುತ್ತೇನೆ.

ತುಳಸಿ ಬುಡದಲ್ಲಿ ಹೊಸದಾಗಿ ಎರಡು ಎಲೆ ಒಡೆದಿದೆ. ದಿನಾ ನೀರು ಹಾಕುತ್ತೇನೆ, ಮಳೆ ಬಂದರೂ ಹಾಕುತ್ತೇನೆ.

ಒಂದೇ ಒಂದು ಸಮಾಧಾನ ನನಗೆ. ತುಳಸಿಗೂ ಯಂತ್ರಕ್ಕೂ ಸಂಬಂಧವಿದೆ ಎಂದು ಪಾಪ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದಳು. ನಾನು ಅಷ್ಟು ಒದ್ದಾಡುವುದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ. ಇಬ್ಬರೂ ಕತ್ತಲಲ್ಲೇ ಇದ್ದೆವು ಎಂದುಕೊಂಡರೆ ಸ್ವಲ್ಪ ನಿದ್ದೆ ಬರುತ್ತದೆ. ಹೌದಲ್ಲವೇ? ಚಲುವಮ್ಮನ ಹತ್ತಿರ ಏನಾದರೂ ಹೇಳಿದ್ದಳೇ?

ಇನ್ನೊಂದು ಕೇಳಬೇಕು. ನಾನು ಕಳಿಸಿದ ಪಟ್ಟಿಗಳನ್ನು ಎಸೆದಿಲ್ಲ ತಾನೇ? ನನ್ನ ಹತ್ತಿರ ಇದ್ದ ಪುಸ್ತಕವನ್ನು ಮಾರ್ಚಿನಲ್ಲಿ ಸಿಟ್ಟಿನಿಂದ ಒಲೆಗೆ ಹಾಕಿದೆ. ಆ ಐದು ತಿಂಗಳಲ್ಲಿ ಅವಳ ಬಗ್ಗೆ ನಾನು ಬರೆದಿಟ್ಟದ್ದು ಅದೊಂದೇ. ಇದ್ದರೆ ಕಳಿಸು.

ತಿರು


ಬ್ಲಫ್
೯ ಜುಲೈ ೧೯೭೯

ತಿರು,

ಪಟ್ಟಿಗಳು ಇದರ ಜೊತೆಗಿವೆ, ಒಂದೂ ಕಳೆದಿಲ್ಲ. ಕ್ಯಾಲೆಂಡರಿನ ಐದು ಹಾಳೆಗಳನ್ನೂ ಚಲುವಿ ಬಿಡಿಸಿಕೊಟ್ಟಿದ್ದಾಳೆ. ಹಿಟ್ಟಿನ ಕೈ ಗುರುತಿದೆ, ಒರೆಸಬೇಡ ಎಂದಳು.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ನಾಲ್ಕು ದಿನ ತಡವಾಯಿತು. ಹಾಸ್ಟೆಲಿನ ಕಾಲದಿಂದ ನಾನು ನಿನಗೆ ಮುಲಾಜು ನೋಡಿ ಮಾತಾಡಿದವನಲ್ಲ, ಅದು ನಿನಗೂ ಗೊತ್ತು. ಅದಕ್ಕೇ ಇದನ್ನು ನಂಬು.

ಚಲುವಿಯನ್ನು ಕೇಳಿದೆ. ಗೋದಮ್ಮ ಏನೂ ಹೇಳಿರಲಿಲ್ಲವಂತೆ. ಅವಳಿಗೆ ಗೊತ್ತಿರಲಿಲ್ಲ.

ಹೊನ್ನಯ್ಯ